ಬೇಲಿಯ ಹೊರಗಿನ ಅಂಕಿ

ಎಲ್ಲವುಗಳಿಂದ ದೂರ ನಿಂತ ಒಂದು ಅಂಕಿಯನ್ನು ಏನು ಮಾಡಬೇಕು? ಸಂಖ್ಯಾಶಾಸ್ತ್ರದ ಮೊದಲ ಪಾಠಗಳಲ್ಲಿ ಬರುವ ಈ ಪ್ರಶ್ನೆ ಬರಿಯ ಲೆಕ್ಕದ್ದಲ್ಲ, ನ್ಯಾಯದ್ದೂ ಹೌದು.

ಒಂದು ಭಾನುವಾರದ ಕನ್ನಡ ತರಗತಿಯಲ್ಲಿ ಏಳು ಮಕ್ಕಳು ಪಡೆದ ಅಂಕಗಳು ೧೯, ೫೬, ೫೮, ೬೦, ೬೨, ೬೪, ೬೬ ಎಂದಿಟ್ಟುಕೊಳ್ಳೋಣ. ಸರಾಸರಿ ೫೫. ಆದರೆ ಆರು ಮಕ್ಕಳು ಅದಕ್ಕಿಂತ ಮೇಲಿದ್ದಾರೆ; ಒಂದು ಮಗು ಬಹಳ ಕೆಳಗಿದೆ. ಈ ಸರಾಸರಿ ಯಾರ ನಿಜವನ್ನೂ ಹೇಳಲಿಲ್ಲ. ಆದ್ದರಿಂದಲೇ ಹರವನ್ನೂ ಅಳೆಯಬೇಕು. ನಟ್ಟನಡುವಿನ ಅಂಕ ೬೦. ಅದರ ಕೆಳಗಿನ ಮೂರರಲ್ಲಿ ನಡುವಿನದು ೫೬, ಮೇಲಿನ ಮೂರರಲ್ಲಿ ೬೪, ಅಂತರ ೮. ಅಮೆರಿಕದ ಜಾನ್ ಟ್ಯೂಕಿ ಅವರ ಸೂತ್ರದಂತೆ, ಈ ಅಂತರದ ಒಂದೂವರೆ ಪಟ್ಟನ್ನು ೫೬ರಿಂದ ಕಳೆದು ೬೪ಕ್ಕೆ ಕೂಡಿಸಿದರೆ ೪೪ ಮತ್ತು ೭೬ರಲ್ಲಿ ಬೇಲಿ ಬೀಳುತ್ತದೆ. ೧೯ ಬೇಲಿಯ ಹೊರಗೆ.

ಅದನ್ನು ಹೊಡೆದುಹಾಕಿದರೆ ಸರಾಸರಿ ೬೧ಕ್ಕೆ ಏರುತ್ತದೆ, ವರದಿ ಚೆನ್ನಾಗಿ ಕಾಣುತ್ತದೆ. ತಖ್ತೆಯಲ್ಲಿ ಹೊಂದದ ಒಂದು ಅಂಕಿ ಎಂಥ ಕಿರಿಕಿರಿ ಎಂಬುದು ಗುಮಾಸ್ತನಾದ ನನಗೆ ಗೊತ್ತು. ಆದರೆ ಬೇಲಿ ಹೇಳುವುದು ‘ಇಲ್ಲಿ ನೋಡು’ ಎಂದು ಮಾತ್ರ. ‘ಇದನ್ನು ಎಸೆ’ ಎಂದಲ್ಲ.

ಟ್ಯೂಕಿಯವರು ೧೯೭೭ರ ತಮ್ಮ ಪುಸ್ತಕದಲ್ಲಿ ಇಂಗ್ಲೆಂಡಿನ ಲಾರ್ಡ್ ರೇಲಿಯವರ ತೂಕಗಳನ್ನು ಉದಾಹರಿಸಿದ್ದಾರೆ. ೧೮೯೦ರ ದಶಕದ ಮೊದಲಲ್ಲಿ ರೇಲಿಯವರು ಸಾರಜನಕವನ್ನು ತೂಗಿದಾಗ, ರಾಸಾಯನಿಕಗಳಿಂದ ತೆಗೆದದ್ದು ಸುಮಾರು ೨.೩೦ ಗ್ರಾಂ, ಗಾಳಿಯಿಂದ ತೆಗೆದ ಅಷ್ಟೇ ಗಾತ್ರದ್ದು ೨.೩೧ ಗ್ರಾಂ ಬಂದಿತು. ಎರಡನ್ನೂ ಕೂಡಿಸಿ ಸರಾಸರಿ ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ರ‍್ಯಾಮ್ಸೆಯವರೂ ಜೊತೆಗೂಡಿ ಹುಡುಕಿದಾಗ, ಗಾಳಿಯಲ್ಲಿ ಅಡಗಿದ್ದ ಆರ್ಗಾನ್ ಎಂಬ ಹೊಸ ಅನಿಲ ೧೮೯೪ರಲ್ಲಿ ಬೆಳಕಿಗೆ ಬಂದಿತು. ೧೯೦೪ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಸಂದಿತು.

ಹಾಗೆಂದು ದೂರ ನಿಂತದ್ದೆಲ್ಲ ಆರ್ಗಾನ್ ಅಲ್ಲ. ೬೯ ಎಂದಿರಬೇಕಾದದ್ದು ಕೈತಪ್ಪಿ ೧೯ ಆಗಿರಬಹುದು, ತಿದ್ದಬೇಕು. ಅಥವಾ ಆ ಮಗು ವರ್ಷದ ನಡುವೆ ಬಂದಿರಬಹುದು. ಮನೆಯಲ್ಲಿ ಕನ್ನಡ ಆಡಿದರೂ ಅಕ್ಷರ ಕಂಡಿರಲಿಕ್ಕಿಲ್ಲ. ಆಗ ತರಗತಿಯನ್ನು ೬೦ರಿಂದ ಅಳೆಯೋಣ, ಆರು ಮಕ್ಕಳಿಗೆ ಅನ್ಯಾಯವಾಗದು. ೧೯ನ್ನು ಬೇರೆಯಾಗಿ ಬರೆದು, ಆ ಮಗುವಿನ ಪಕ್ಕದಲ್ಲಿ ಕೂರೋಣ. ಬಿಡಲೇಬೇಕಾದರೆ ಕಾರಣವನ್ನು ಬರೆದು ಬಿಡೋಣ. ಚೆಂದಕ್ಕಾಗಿ ಬಿಡುವುದು ಸುಳ್ಳಿಗೆ ಸಮ.

ಪರಊರಿನ ಪಟ್ಟಿಗಳಲ್ಲಿ ‘ಇತರೆ’ ಎಂಬ ಕಲಮಿಗೆ ಸೇರಿಹೋಗುವ ನಮಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.