ಚಾಲಕನ ನಿದ್ದೆ ಯಾರ ಲೆಕ್ಕಕ್ಕೆ?



ಆಗಸ್ಟ್ ತಿಂಗಳು ಬಂತೆಂದರೆ ನಮ್ಮ ಲಿಂಗಸುಗೂರು, ಮಸ್ಕಿ, ಸಿಂಧನೂರು ಕಡೆಯ ಕ್ರೈಸ್ತ ಮನೆಗಳಲ್ಲಿ ವೇಳಾಂಕಣಿಯ ಮಾತು ಶುರುವಾಗುತ್ತದೆ. ಆಗಸ್ಟ್ 29ರಂದು ಅಲ್ಲಿ ಧ್ವಜಾರೋಹಣ, ಸೆಪ್ಟೆಂಬರ್ 8ರಂದು ಆರೋಗ್ಯಮಾತೆಯ ಹಬ್ಬ. ಹರಕೆ ಹೊತ್ತವರು, ಮಗುವಿಗೆ ಮುಡಿ ಕೊಡಬೇಕಾದವರು, ಮೊದಲ ಸಲ ಸಮುದ್ರ ನೋಡುವ ಆಸೆಯ ಮಕ್ಕಳು ಎಲ್ಲರೂ ಸೇರಿ ಒಂದು ಗಾಡಿಯನ್ನು ಬಾಡಿಗೆಗೆ ಗೊತ್ತುಮಾಡುತ್ತಾರೆ.

ಕೆಲವು ವರ್ಷಗಳ ಹಿಂದೆ ಒಬ್ಬ ಯಜಮಾನರು ನೋಟುಪುಸ್ತಕ ಹಿಡಿದು ನನ್ನ ಬಳಿ ಬಂದರು. ಪ್ರಯಾಣಕ್ಕೆ ಆಶೀರ್ವಾದ ಬೇಕಾಗಿತ್ತು. ಪುಸ್ತಕದಲ್ಲಿ ಎಲ್ಲವೂ ಅಚ್ಚುಕಟ್ಟಾಗಿತ್ತು. ಶುಕ್ರವಾರ ಸಂಜೆ ಲಿಂಗಸುಗೂರಿನಿಂದ ಹೊರಡುವುದು. ಮಸ್ಕಿ, ಸಿಂಧನೂರುಗಳಲ್ಲಿ ಬೀಗರನ್ನು ಹತ್ತಿಸಿಕೊಂಡು ಸಿರುಗುಪ್ಪ, ಬಳ್ಳಾರಿ, ಹಿರಿಯೂರು, ಬೆಂಗಳೂರು, ಸೇಲಂ, ತಿರುಚಿರಾಪಳ್ಳಿ, ತಂಜಾವೂರು. ಶನಿವಾರ ಮಧ್ಯಾಹ್ನ ವೇಳಾಂಕಣಿ. ಭಾನುವಾರ ಬೆಳಗಿನ ಬಲಿಪೂಜೆ ಮುಗಿಸಿ ಪೂಂಡಿ ಮಾತೆಯ ದರ್ಶನ. ರಾತ್ರಿಯೆಲ್ಲ ಪ್ರಯಾಣ, ಸೋಮವಾರ ಬೆಳಿಗ್ಗೆ ಮನೆ. ಹೋಗಲು ಎಂಟುನೂರು ಕಿಲೋಮೀಟರಿಗೂ ಮೇಲೆ, ಬರಲು ಅಷ್ಟೇ. ಹದಿನಾಲ್ಕು ಜನಕ್ಕೆ ಎಷ್ಟು ಜೋಳದ ರೊಟ್ಟಿ, ಎಷ್ಟು ಶೇಂಗಾ ಚಟ್ನಿ, ಅಜ್ಜಿಯ ಸಕ್ಕರೆ ಕಾಯಿಲೆಯ ಮಾತ್ರೆ ಯಾರ ಚೀಲದಲ್ಲಿ, ಎಲ್ಲವನ್ನೂ ಬರೆದಿದ್ದರು.

ಓದಿ ಮುಗಿಸಿ ಕೇಳಿದೆ: "ಡ್ರೈವರ್ ಎಲ್ಲಿ ಮಲಗುತ್ತಾನೆ?"

ಅವರು ಪುಸ್ತಕ ನೋಡಿದರು, ನನ್ನನ್ನು ನೋಡಿದರು. "ಅವಗೇನ್ರಿ ಫಾದರ್, ಗಾಡ್ಯಾಗ ಮಕ್ಕೋತಾನ. ಅವಗ ರೂಢಿ ಐತ್ರಿ" ಎಂದರು.

ನಾನು ಈ ಪ್ರಶ್ನೆ ಕೇಳಿದ್ದು ಜಾಣತನದಿಂದಲ್ಲ. ಅದಕ್ಕೂ ಬಹಳ ಹಿಂದೆ, ಯುವಕರ ಒಂದು ತಂಡವನ್ನು ಇದೇ ದಾರಿಯಲ್ಲಿ ಕರೆದೊಯ್ದಿದ್ದೆ. ಹಿಂದಿರುಗುವಾಗ ಭಾನುವಾರದ ಪೂಜೆಗೆ ನಾನು ಧರ್ಮಕೇಂದ್ರದಲ್ಲಿ ಇರಲೇಬೇಕಿತ್ತು. "ಇನ್ನೂ ಸ್ವಲ್ಪ ಬೇಗ ಹೋಗೋಣ" ಎಂದು ಚಾಲಕನಿಗೆ ಎರಡು ಮೂರು ಸಲ ಹೇಳಿದೆ. ಹಿರಿಯೂರು ದಾಟಿದ ಮೇಲೆ, ಬೆಳಗಿನ ನಾಲ್ಕರ ಹೊತ್ತಿಗೆ, ಗಾಡಿ ರಸ್ತೆ ಬಿಟ್ಟು ಹೊಲಕ್ಕೆ ಇಳಿಯಿತು. ಯಾರಿಗೂ ಗಾಯವಾಗಲಿಲ್ಲ. ಎಲ್ಲರೂ ಅಲ್ಲೇ ಮೊಣಕಾಲೂರಿ ದೇವಮಾತೆಗೆ ವಂದನೆ ಸಲ್ಲಿಸಿದೆವು. ಊರಿಗೆ ಬಂದು ಕೃತಜ್ಞತಾ ಪೂಜೆಯನ್ನೂ ಅರ್ಪಿಸಿದೆ. ಆ ಹುಡುಗ ಹಿಂದಿನ ಎರಡು ರಾತ್ರಿ ಮದುವೆಯ ಬಾಡಿಗೆಯಲ್ಲಿ ನಿದ್ದೆಗೆಟ್ಟಿದ್ದನೆಂದು ತಿಳಿದದ್ದು ತಿಂಗಳ ಮೇಲೆ, ಅವನ ತಾಯಿಯ ಬಾಯಿಂದ. ನನ್ನ ಹಿಂದಿನ ಸೀಟಿನಲ್ಲಿದ್ದವರೆಲ್ಲರ ಹೆಸರು ನನಗೆ ಗೊತ್ತಿತ್ತು. ಪಕ್ಕದಲ್ಲಿ ಕೂತವನನ್ನು "ನಿದ್ದೆ ಆಯಿತೇನಪ್ಪಾ?" ಎಂದು ಒಂದು ಮಾತು ಕೇಳಿರಲಿಲ್ಲ. ದೇವರು ಕಾಪಾಡಿದರು ಎಂಬುದು ನಿಜ. ನಾನು ತಪ್ಪು ಮಾಡಿದ್ದೆ ಎಂಬುದೂ ಅಷ್ಟೇ ನಿಜ. ಮೊದಲನೆಯದನ್ನು ಹೇಳಿ ಎರಡನೆಯದನ್ನು ಮುಚ್ಚಿಟ್ಟಿದ್ದೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಪ್ರಯಾಣಕ್ಕೆ ಯೋಜನೆ ಹಾಕುವುದು ಬರೀ ಅನುಕೂಲದ ಮಾತೋ, ನೀತಿಯ ಮಾತೋ? ಸಂತ ತೋಮಾಸ್ ಅಕ್ವಿನಾಸರು ಮುಂದಾಲೋಚನೆಯನ್ನು ವಿವೇಕವೆಂಬ ಸದ್ಗುಣದ ಒಂದು ಅಂಗವಾಗಿ ಎಣಿಸಿದರು. ಎಚ್ಚರಿಕೆಯೂ ಅದರ ಇನ್ನೊಂದು ಅಂಗ. ಹಾಗಾದರೆ ಯೋಜನೆಯಲ್ಲಿ ಒಬ್ಬನನ್ನು ಮರೆಯುವುದು ಬರೀ ಮರೆವಲ್ಲ, ಸದ್ಗುಣದಲ್ಲಿ ಆದ ಕೊರತೆ.

"ದೇವರ ಮೇಲೆ ಭಾರ ಹಾಕಿ ಹೊರಟಿದ್ದೇವೆ, ಅವರೇ ನೋಡಿಕೊಳ್ಳುತ್ತಾರೆ" ಎಂದು ಕೆಲವರು ಹೇಳುತ್ತಾರೆ. ದೇವಾಲಯದ ತುದಿಯಿಂದ ಧುಮುಕು, ದೂತರು ಹಿಡಿಯುತ್ತಾರೆ ಎಂದು ಸೈತಾನನು ಪ್ರೇರೇಪಿಸಿದಾಗ ಯೇಸುಸ್ವಾಮಿ ಒಪ್ಪಲಿಲ್ಲ. ದೇವರನ್ನು ಪರೀಕ್ಷಿಸುವುದು ಭಕ್ತಿಯಲ್ಲ ಎಂದು ತೋರಿಸಿದರು. ಕನ್ನಡಿಗೆ ಜಪಸರ ತೂಗುಹಾಕಿ, ಎರಡು ರಾತ್ರಿ ನಿದ್ದೆಯಿಲ್ಲದವನ ಕೈಗೆ ಚಕ್ರ ಕೊಡುವುದು ಆ ತುದಿಯಲ್ಲಿ ನಿಂತಂತೆಯೇ. ನಾಳೆ ಆ ಊರಿಗೆ ಹೋಗುತ್ತೇವೆ ಎಂದು ಜಂಬದಿಂದ ಹೇಳಬೇಡಿ, ದೇವರ ಚಿತ್ತವಾದರೆ ಎನ್ನಿ ಎಂದು ಸಂತ ಯಾಕೋಬರು ಕಲಿಸಿದ್ದು ನಮ್ಮ ಅಹಂಕಾರ ತಗ್ಗಲೆಂದು, ಜವಾಬ್ದಾರಿ ತಪ್ಪಿಸಿಕೊಳ್ಳಲೆಂದಲ್ಲ. 2007ರಲ್ಲಿ ವ್ಯಾಟಿಕನ್ನಿನ ವಲಸಿಗರ ಪಾಲನಾ ಮಂಡಳಿಯು ರಸ್ತೆ ಬಳಸುವವರಿಗಾಗಿ ಹತ್ತು ಆಜ್ಞೆಗಳನ್ನು ಪ್ರಕಟಿಸಿತು. ದಶಾಜ್ಞೆಗಳಲ್ಲಿ ಐದನೆಯದಾದ ಕೊಲ್ಲಬಾರದೆಂಬ ಆಜ್ಞೆ ಅಲ್ಲಿ ಮೊದಲನೆಯದು.

ಇನ್ನೊಂದು ವಾದ ಇದಕ್ಕಿಂತ ಗಟ್ಟಿಯಾದದ್ದು. "ಅವನೇ ಒಪ್ಪಿದ್ದಾನಲ್ಲ?" ಹೌದು, ಒಪ್ಪುತ್ತಾನೆ. ಇಲ್ಲವೆಂದರೆ ಬಾಡಿಗೆ ಇನ್ನೊಬ್ಬನಿಗೆ ಹೋಗುತ್ತದೆ. ಗಾಡಿಯ ಸಾಲದ ಕಂತು, ಮಕ್ಕಳ ಶಾಲೆಯ ಫೀಸು ಅವನ ಬೆನ್ನಿಗಿರುತ್ತವೆ. ಹಸಿವಿನ ಬಾಯಿಂದ ಬಂದ 'ಆಗಲಿ' ಎಂಬ ಮಾತನ್ನು ಪೂರ್ತಿ ಸ್ವತಂತ್ರವಾದ ಒಪ್ಪಿಗೆ ಎನ್ನಲಾದೀತೇ? ಮನುಷ್ಯನನ್ನು ಎಂದೂ ಬರೀ ಸಾಧನವನ್ನಾಗಿ ಬಳಸಬಾರದು ಎಂದು ಜರ್ಮನಿಯ ತತ್ವಜ್ಞಾನಿ ಕಾಂಟ್ 1785ರಲ್ಲಿ ಬರೆದರು. ದುಡಿಮೆ ಪಡೆಯಬಾರದೆಂದು ಅವರು ಹೇಳಲಿಲ್ಲ. ದುಡಿಯುವವನು ಮನುಷ್ಯನೆಂಬುದನ್ನು ಮರೆಯಬಾರದೆಂದರು. ಗಾಡಿಗೆ ಎಷ್ಟು ಡೀಸೆಲ್ ಬೇಕೆಂದು ಲೆಕ್ಕ ಹಾಕಿ, ಅದನ್ನು ನಡೆಸುವವನಿಗೆ ಎಷ್ಟು ನಿದ್ದೆ ಬೇಕೆಂದು ಲೆಕ್ಕ ಹಾಕದಿದ್ದರೆ ಅವನನ್ನು ಯಂತ್ರಕ್ಕಿಂತ ಕೆಳಗಿಟ್ಟಂತಾಯಿತು.

ಇದು ಹೊಸ ತಿಳಿವಳಿಕೆಯೇನಲ್ಲ. ನಮ್ಮ ಹಿರಿಯರು ಎತ್ತಿನ ಗಾಡಿಯಲ್ಲಿ ಜಾತ್ರೆಗೆ ಹೋಗುವಾಗ ನಡುದಾರಿಯಲ್ಲಿ ನೊಗ ಇಳಿಸಿ, ಎತ್ತುಗಳಿಗೆ ನೀರು ಮೇವು ತೋರಿಸಿ, ಆಮೇಲೆ ತಮ್ಮ ಬುತ್ತಿ ಬಿಚ್ಚುತ್ತಿದ್ದರು. ವಿಮೋಚನಾಕಾಂಡದಲ್ಲಿ ದೇವರು ಏಳನೆಯ ದಿನದ ವಿಶ್ರಾಂತಿಯನ್ನು ಆಜ್ಞಾಪಿಸುವಾಗ ಎತ್ತು, ಕತ್ತೆ, ಆಳು, ಪರದೇಶಿ ಇವರನ್ನೆಲ್ಲ ಹೆಸರಿಸುತ್ತಾರೆ. ನಮ್ಮ ಮಸ್ಕಿಯ ಬಂಡೆಯ ಮೇಲೆ ಸಾಮ್ರಾಟ ಅಶೋಕನ ಹೆಸರಿರುವ ಶಾಸನವಿದೆ. ಅದು 1915ರಲ್ಲಿ ಬೆಳಕಿಗೆ ಬಂತು. ಅದೇ ಅರಸ ಈಗ ದೆಹಲಿಯಲ್ಲಿರುವ ತನ್ನ ಸ್ತಂಭಶಾಸನವೊಂದರಲ್ಲಿ, ದಾರಿಯುದ್ದಕ್ಕೂ ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ಆಲದ ಮರ ನೆಡಿಸಿ, ಬಾವಿ ತೋಡಿಸಿ, ತಂಗುದಾಣ ಕಟ್ಟಿಸಿದ್ದನ್ನು ಹೇಳಿಕೊಂಡಿದ್ದಾನೆ. ಅವನ ದೃಷ್ಟಿಯಲ್ಲಿ ವಿಶ್ರಾಂತಿಯೂ ರಸ್ತೆಯ ಒಂದು ಭಾಗ.

ಕಾನೂನೂ ಇದನ್ನೇ ಹೇಳಿದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ಸಾಮಾನ್ಯವಾಗಿ ದಿನಕ್ಕೆ ಎಂಟು ಗಂಟೆಯ ಕೆಲಸ, ಐದು ಗಂಟೆಗೊಮ್ಮೆ ಅರ್ಧ ಗಂಟೆಯಾದರೂ ವಿಶ್ರಾಂತಿ ಎಂದು ಗೊತ್ತುಮಾಡಿತ್ತು. ಜರ್ಮನಿ, ಆಸ್ಟ್ರಿಯಾ, ಹಂಗೇರಿಗಳಲ್ಲಿ ದೂರದ ಪ್ರವಾಸಿ ಬಸ್ಸುಗಳ ಚಾಲಕರಿಗೆ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ ಮುಕ್ಕಾಲು ಗಂಟೆಯ ವಿರಾಮ ಕಡ್ಡಾಯ. ಅಲ್ಲಿ ಪ್ರವಾಸದ ಯೋಜನೆ ಹಾಕುವವರು ಆ ವಿರಾಮಗಳನ್ನು ಮೊದಲು ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ನಾವು ಹದಿನೆಂಟು ಗಂಟೆಯ ದಾರಿಯನ್ನು ಒಬ್ಬನ ಕಣ್ಣಿನ ಮೇಲೆ ಹೊರಿಸಿ, ನಿದ್ದೆ ಬಂದರೆ ಚಹಾ ಕೊಡಿಸುತ್ತೇವೆ.

ಆದರೆ ಬುದ್ಧಿ ಹೇಳುವುದು ಸುಲಭ. ಒಂದು ದಿನ ಹೆಚ್ಚಾದರೆ ಬಾಡಿಗೆ ಹೆಚ್ಚು, ಕೋಣೆಯ ಖರ್ಚು ಹೆಚ್ಚು, ಕೂಲಿ ಇನ್ನೊಂದು ದಿನ ಹೋಯಿತು. ಆ ಯಜಮಾನರಿಗೂ ಇದೇ ಸಂಕಟ. ನನ್ನ ಮಾತು ಕೇಳಿ ಬೇಸರದಿಂದಲೇ ಎದ್ದುಹೋದರು. ಮನೆಯಲ್ಲಿ ಎರಡು ದಿನ ಚರ್ಚೆಯಾಯಿತಂತೆ. ಕೊನೆಗೆ ಹರಕೆ ಹೊತ್ತಿದ್ದ ಅಜ್ಜಿಯೇ ಹೇಳಿದರಂತೆ: "ನನ್ನ ಹರಕಿ ಸಲುವಾಗಿ ಯಾರದರ ಮಗನ ನಿದ್ದಿ ಯಾಕ ಕೆಡಸ್ತೀರಿ? ತಾಯಿ ಒಂದಿನ ತಡ ಆದ್ರ ಸಿಟ್ಟಾಗ್ತಾಳೇನು?"

ಯೋಜನೆ ಬದಲಾಯಿತು. ಶುಕ್ರವಾರ ನಸುಕಿನಲ್ಲೇ ಹೊರಟು ರಾತ್ರಿ ಸೇಲಂನಲ್ಲಿ ತಂಗುವುದು, ಬರುವಾಗಲೂ ಹಾಗೆಯೇ, ಚಾಲಕನಿಗೂ ಹಾಸಿಗೆಯಿರುವ ಜಾಗ. ಹೆಚ್ಚಿನ ಖರ್ಚನ್ನು ಹಂಚಿಕೊಂಡರು. ಆದರೂ ಕೂಲಿ ಕಳೆದುಕೊಳ್ಳಲಾಗದೆ ಸಿಂಧನೂರಿನ ಇಬ್ಬರು ಆ ವರ್ಷ ಹಿಂದೆ ಉಳಿದರು. ಅವರ ಮುಖ ನೋಡಿದಾಗ ನನಗೂ ಸಂಕಟವಾಯಿತು. ಒಳ್ಳೆಯ ನಿರ್ಧಾರಕ್ಕೂ ಬೆಲೆಯಿದೆ, ಅದನ್ನು ಬಹಳ ಸಲ ಬಡವರೇ ತೆರುತ್ತಾರೆ. ಮುಂದಿನ ವರ್ಷ ಅವರಿಬ್ಬರ ಪಾಲನ್ನು ಉಳಿದವರು ಹೊತ್ತು ಕರೆದೊಯ್ದರು. ಹಾಗೆ ಮಾಡಲು ಒಂದು ವರ್ಷ ಬೇಕಾಯಿತು, ನಾನೂ ಮೊದಲೇ ಸೂಚಿಸಲಿಲ್ಲ.

ಪ್ರಿಯರೇ, ಈ ವರ್ಷ ನಿಮ್ಮ ಮನೆಯಲ್ಲೂ ಯಾತ್ರೆಯ ನೋಟುಪುಸ್ತಕ ತೆರೆದರೆ, ಹೊರಡುವವರ ಪಟ್ಟಿಯಲ್ಲಿ ಚಾಲಕನ ಹೆಸರನ್ನೂ ಬರೆಯಿರಿ. ಅವನ ಮುಂದೆ ಎರಡು ವಿಷಯ ಇರಲಿ: ಹಿಂದಿನ ರಾತ್ರಿ ಎಲ್ಲಿ ಮಲಗಿದ್ದ, ಮುಂದಿನ ರಾತ್ರಿ ಎಲ್ಲಿ ಮಲಗುತ್ತಾನೆ. ಅವನು ಯಾವ ಧರ್ಮದವನಾದರೂ ಆಗಲಿ, ಆರೋಗ್ಯಮಾತೆಯ ಬಳಿಗೆ ನಿಮ್ಮನ್ನು ಒಯ್ಯುವವನು. ಅವನ ಆರೋಗ್ಯವನ್ನು ಕೆಡಿಸಿ ಆಕೆಯ ಮುಂದೆ ಮೇಣದ ಬತ್ತಿ ಹಚ್ಚಿದರೆ ಆ ತಾಯಿಗೆ ಏನೆಂದು ಹೇಳೋಣ?