ಸಾಲಗಾರರ ಹೊಸ್ತಿಲು

ಯೆಹೂದ್ಯರ ಧರ್ಮಗ್ರಂಥದಲ್ಲಿ, ಧರ್ಮೋಪದೇಶಕಾಂಡದ 24ನೇ ಅಧ್ಯಾಯದಲ್ಲಿ, ಸಾಲ ಕೊಟ್ಟವನಿಗೆ ಒಂದು ಕಟ್ಟಳೆಯಿದೆ. ಒತ್ತೆ ಕೇಳಲು ಹೋದವನು ಸಾಲಗಾರನ ಮನೆಯೊಳಗೆ ಕಾಲಿಡಬಾರದು, ಅಂಗಳದಲ್ಲೇ ನಿಲ್ಲಬೇಕು. ಏನು ತಂದುಕೊಡಬೇಕೆಂಬುದು ಮನೆಯವನಿಗೆ ಬಿಟ್ಟದ್ದು. ಬೀಸುವ ಕಲ್ಲನ್ನಂತೂ ಒತ್ತೆ ಇಟ್ಟುಕೊಳ್ಳಲೇಬಾರದು; ಅದನ್ನು ಎತ್ತಿಕೊಂಡು ಹೋದರೆ ಆ ಮನೆಯ ಜೀವವನ್ನೇ ಎತ್ತಿಕೊಂಡು ಹೋದ ಹಾಗೆ. ಬಡವನ ಹೊದಿಕೆ ಕೈಯಲ್ಲಿದ್ದರೆ ಸೂರ್ಯ ಮುಳುಗುವುದರೊಳಗೆ ಮರಳಿಸಬೇಕು. ಮುಂದೆ ಮಿಶ್ನಾ ಎಂಬ ಧರ್ಮಸಂಹಿತೆ ಬಂದಾಗ ಪಂಡಿತರು ಇದನ್ನು ಇನ್ನೂ ಬಿಡಿಸಿ ಹೇಳಿದರು: ದಿಂಬು ಒತ್ತೆಯಾಗಿದ್ದರೆ ರಾತ್ರಿಗೆ ಕೊಡು, ನೇಗಿಲಾಗಿದ್ದರೆ ಹಗಲಿಗೆ ಕೊಡು. ಮಿಶ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮುಡ್ ಮತ್ತೂ ಒಂದು ಹೆಜ್ಜೆ ಮುಂದೆ ಹೋಯಿತು. ಸಾಲ ಪಡೆದವನ ಹತ್ತಿರ ಹಣವಿಲ್ಲ ಎಂದು ಗೊತ್ತಿದ್ದರೆ, ಕೊಟ್ಟವನು ಅವನ ಕಣ್ಣೆದುರು ಹಾದುಹೋಗುವುದೂ ತಪ್ಪು. ಬಾಯಿಬಿಟ್ಟು ಕೇಳುವುದೇ ಬೇಡ, ಎದುರಿಗೆ ಸುಳಿದರೂ ಆ ಬಡವನ ತಲೆ ತಗ್ಗುತ್ತದೆ ಎಂಬ ಕಾಳಜಿ ಅದು.

ಈ ಧರ್ಮಶಾಸ್ತ್ರ ನಮ್ಮ ಕರಾವಳಿಗೆ ಹೊಸದಲ್ಲ. ಟ್ಯುನೀಷಿಯಾ ಮೂಲದ ಯೆಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ. 1132ರಲ್ಲಿ ಅವನು ಅಶು ಎಂಬ ದಾಸಿಯನ್ನು ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರ ಹುಟ್ಟಿದ್ದು ಮಂಗಳೂರಿನಲ್ಲೇ. ಹಳೆ ಕೈರೋದ ಯೆಹೂದಿ ಪ್ರಾರ್ಥನಾಮಂದಿರವಾದ ಬೆನ್ ಎಜ್ರಾ ಸಿನಗಾಗ್‌ನ ಹಳೆಯ ಕಾಗದಪತ್ರ ಕೂಡಿಡುವ ಕೋಣೆಯಲ್ಲಿ ಉಳಿದುಬಂದ ಅವನ ಪತ್ರಗಳನ್ನು ಹಿಡಿದೇ ಅಮಿತಾವ್ ಘೋಷ್ 1992ರಲ್ಲಿ ಒಂದು ಪುಸ್ತಕ ಬರೆದರು. ಆ ಪತ್ರಗಳಲ್ಲೂ ಒಂದು ಸಾಲದ ಕಥೆಯಿದೆ. ಏಲಕ್ಕಿ ಕೊಡುತ್ತೇನೆಂದು ಮುಂಗಡ ಹಣ ಪಡೆದ ಇಲ್ಲಿನ ವ್ಯಾಪಾರಿಯೊಬ್ಬ ಮಾಲು ಕೊಡಲಿಲ್ಲ. ಏಡನ್‌ನಲ್ಲಿದ್ದ ಪಾಲುದಾರರು ಸಿಟ್ಟಾದರು. ಅವನ ತಪ್ಪನ್ನು ಸಾರುವ ಖಂಡನೆಯ ಪತ್ರ ಕಳಿಸುತ್ತೇವೆಂದು ಹೆದರಿಸು ಎಂದು ಬೆನ್ ಯಿಜುವಿಗೆ ಬರೆದರು. ಮಾನ ಹೋಗುತ್ತದೆಂಬ ಭಯವೇ ಅಂದಿನ ವಸೂಲಿಯ ಅಸ್ತ್ರ. ಇದ್ದೂ ಕೊಡದ ವರ್ತಕನ ಮೇಲೆ ಅದನ್ನು ಎತ್ತುವುದಕ್ಕೂ, ಇಲ್ಲದೆ ಕೊಡಲಾರದವಳ ಮೇಲೆ ಎತ್ತುವುದಕ್ಕೂ ಅಜಗಜಾಂತರವಿದೆ. ಇಂದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹಳ್ಳಿಗಳಲ್ಲಿ ಬೀಡಿ ಕಟ್ಟಿ ವಾರದ ಕಂತು ತುಂಬುವ ಹೆಂಗಸರನ್ನು ಕಂಡಾಗಲೆಲ್ಲ ಈ ವ್ಯತ್ಯಾಸ ನನ್ನನ್ನು ಕಾಡುತ್ತದೆ.

ಸಾಲವೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಬೆನ್ ಯಿಜುವಿನ ಕಾಲಕ್ಕೇ ಹುಟ್ಟಿದ ಮಹಾಪಂಡಿತ ಮೈಮೊನಿಡೀಸ್ ದಾನಕ್ಕೆ ಎಂಟು ಮೆಟ್ಟಿಲು ಹೇಳಿದ. ಎಲ್ಲಕ್ಕಿಂತ ಮೇಲಿನದರಲ್ಲಿ ಅವನು ಇಟ್ಟದ್ದು ಅನ್ನವನ್ನಲ್ಲ, ಬಟ್ಟೆಯನ್ನೂ ಅಲ್ಲ: ಬೀಳುವವನಿಗೆ ಸಾಲವನ್ನೋ ಕೆಲಸವನ್ನೋ ವ್ಯಾಪಾರದಲ್ಲಿ ಪಾಲನ್ನೋ ಕೊಟ್ಟು ಅವನು ಇನ್ನೊಬ್ಬರ ಮುಂದೆ ಕೈಚಾಚದಂತೆ ಮಾಡುವುದನ್ನು. 1982ರಲ್ಲಿ ಬೆಳ್ತಂಗಡಿಯಲ್ಲಿ ಶುರುವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಪ್ರಗತಿಬಂಧು ಗುಂಪುಗಳಲ್ಲಿ ಸದಸ್ಯರು ಸರದಿಯಂತೆ ಒಬ್ಬರ ಜಾಗದಲ್ಲಿ ಎಲ್ಲರೂ ದುಡಿಯುವ ಕ್ರಮವನ್ನು ಕೇಳಿದಾಗ ನನಗೆ ನೆನಪಾಗುವುದು ಈ ಮೇಲಿನ ಮೆಟ್ಟಿಲು. ಸಾಲದಿಂದ ದನ ಬಂದಿದೆ, ಹೊಲಿಗೆ ಮೆಷಿನ್ ಬಂದಿದೆ, ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದ್ದಾರೆ.

ಕಷ್ಟ ಶುರುವಾಗುವುದು ಕಂತು ತಪ್ಪಿದ ದಿನ. ಕಾನೂನು ಈ ವಿಷಯದಲ್ಲಿ ಸುಮ್ಮನೆ ಕೂತಿಲ್ಲ. ರಿಸರ್ವ್ ಬ್ಯಾಂಕ್ 2022ರಲ್ಲಿ ಕಿರುಸಾಲಕ್ಕೆ ಹೊರಡಿಸಿದ ನಿಯಮಗಳ ಪ್ರಕಾರ ವಸೂಲಿ ನಡೆಯಬೇಕಾದದ್ದು ಕೊಟ್ಟವರೂ ಪಡೆದವರೂ ಒಪ್ಪಿದ ಗೊತ್ತಾದ ಜಾಗದಲ್ಲಿ. ಒಂದರ ಹಿಂದೊಂದು ಎರಡು ಸಲವಾದರೂ ಸಾಲ ಪಡೆದಾಕೆ ಅಲ್ಲಿಗೆ ಬಾರದಿದ್ದರೆ ಮಾತ್ರ ಸಿಬ್ಬಂದಿ ಮನೆಗೆ ಹೋಗಬಹುದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಪೀಡಿಸುವಂತಿಲ್ಲ. ಕಂತುಗಳೆಲ್ಲ ಸೇರಿ ಮನೆಯ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಆದರೂ 2025ರ ಜನವರಿಯಲ್ಲಿ ವಸೂಲಿಯ ಕಾಟಕ್ಕೆ ಹೆದರಿ ಚಾಮರಾಜನಗರದ ಕಡೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು, ಹಾವೇರಿಯ ಹೆಂಗಸರು ಮುಖ್ಯಮಂತ್ರಿಗೆ ಮಾಂಗಲ್ಯ ಕಳಿಸಿದರು. ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ.

ಇಷ್ಟು ಬಿಗಿ ಮಾಡಿದರೆ ಬಡವರಿಗೆ ಸಾಲವೇ ಹುಟ್ಟುವುದಿಲ್ಲ ಎಂಬ ಮಾತು ಆಗ ಜೋರಾಗಿ ಕೇಳಿತು. ಅದು ಸುಳ್ಳು ಭಯವಲ್ಲ. ಎರಡು ಸಾವಿರ ವರ್ಷಗಳ ಹಿಂದೆ ಹಿಲೆಲ್ ಎಂಬ ಗುರುವಿಗೂ ಇದೇ ಪೇಚು ಎದುರಾಗಿತ್ತು. ಏಳು ವರ್ಷಕ್ಕೊಮ್ಮೆ ಸಾಲವೆಲ್ಲ ಮನ್ನಾ ಎಂದು ಶಾಸ್ತ್ರ ಹೇಳಿದ್ದರಿಂದ, ಆ ವರ್ಷ ಹತ್ತಿರ ಬಂದಂತೆ ಉಳ್ಳವರು ಸಾಲ ಕೊಡುವುದನ್ನೇ ನಿಲ್ಲಿಸಿದರು. ಹಿಲೆಲ್ ಸಾಲವನ್ನು ನ್ಯಾಯಸ್ಥಾನಕ್ಕೆ ಒಪ್ಪಿಸುವ ಪತ್ರವೊಂದನ್ನು ಬಳಕೆಗೆ ತಂದ. ಮನ್ನಾದ ವರ್ಷ ಬಂದರೂ ಹಣ ಮುಳುಗುವುದಿಲ್ಲವೆಂದಾದಾಗ ಸಾಲದ ಬಾಗಿಲು ಮತ್ತೆ ತೆರೆಯಿತು. ಆದರೆ ಒಂದನ್ನು ಗಮನಿಸಬೇಕು: ಮನ್ನಾದ ನಿಯಮಕ್ಕೆ ದಾರಿ ಹುಡುಕಿದ ಆ ಪರಂಪರೆ ಹೊಸ್ತಿಲಿನ ನಿಯಮವನ್ನು ಹಾಗೇ ಉಳಿಸಿಕೊಂಡಿತು.

ನಮ್ಮಲ್ಲಿ ಆ ಹೊಸ್ತಿಲನ್ನು ದಾಟುವವರು ಬೇರೆಯೇ. ಗುಂಪು ಜಾಮೀನಿನ ಸಾಲದಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದವರು ತುಂಬಬೇಕು. ಸಿಬ್ಬಂದಿ ಬೈಕ್ ನಿಲ್ಲಿಸಿ ಯಾರದೋ ಜಗಲಿಯಲ್ಲಿ ಟ್ಯಾಬ್ ಹಿಡಿದು ಕೂತಿರುತ್ತಾನೆ, ಲೆಕ್ಕ ಮುಗಿಯುವವರೆಗೆ ಯಾರೂ ಏಳುವಂತಿಲ್ಲ. ಒಲೆಯ ಮೇಲೆ ಗಂಜಿ ಬಿಟ್ಟು ಬಂದವರಿದ್ದಾರೆ, ಬೀಡಿ ಬ್ರಾಂಚಿಗೆ ಹೊತ್ತಾಯಿತೆಂದು ಚಡಪಡಿಸುವವರಿದ್ದಾರೆ. ಕೊನೆಗೆ ಇಬ್ಬರು ಎದ್ದು ಬಾರದವಳ ಮನೆಗೆ ಹೋಗುತ್ತಾರೆ. ಅವರು ನೆರೆಯವರು, ಹಿಂಬಾಗಿಲಿನಿಂದ ಅಡುಗೆಮನೆಗೇ ನಡೆದುಹೋಗುವ ಸಲಿಗೆ ಅವರಿಗಿದೆ. ಆಕೆ ಮಡಿಲಲ್ಲಿ ಎಲೆ, ಹೊಗೆಸೊಪ್ಪು ಇಟ್ಟುಕೊಂಡು ತಲೆ ತಗ್ಗಿಸಿ ಕಟ್ಟುತ್ತಿರುತ್ತಾಳೆ. "ಅಕ್ಕಾ, ನಿಮ್ಮಿಂದಾಗಿ ನಾವೆಲ್ಲ ಕೂತಿದ್ದೇವಲ್ಲ" ಎಂಬ ಒಂದು ಮಾತು ಸಾಕು. ರಿಸರ್ವ್ ಬ್ಯಾಂಕಿನ ನಿಯಮ ಅಕ್ಷರಶಃ ಪಾಲನೆಯಾಯಿತು, ಸಿಬ್ಬಂದಿ ಅವಳ ಅಂಗಳಕ್ಕೂ ಬರಲಿಲ್ಲ. ಮಾನ ಮಾತ್ರ ಹೋಯಿತು. ಮರುದಿನ ಅದೇ ಬಾವಿಕಟ್ಟೆ, ಅದೇ ಬಸ್‌ಸ್ಟ್ಯಾಂಡು, ಅದೇ ಮುಖಗಳು. ಕಣ್ಣೆದುರು ಹಾದುಹೋಗಬೇಡ ಎಂದ ಪಂಡಿತರಿಗೆ ಹೆಣ್ಣುಮಕ್ಕಳ ಈ ನೋವು ಅರ್ಥವಾಗುತ್ತಿತ್ತು ಎಂದು ನನ್ನ ನಂಬಿಕೆ.

ಸಾವಿರ ಕಂಬದ ಬಸದಿಯ ಮೂಡುಬಿದಿರೆಗೆ ನಾಲ್ಕು ದಾನಗಳನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ಜೈನರ ಮನೆಯ ಮಕ್ಕಳೂ ಹೇಳುತ್ತಾರೆ. ಮೊದಲ ಮೂರಕ್ಕೆ ಈ ಸೀಮೆಯಲ್ಲಿ ಛತ್ರ, ಆಸ್ಪತ್ರೆ, ಶಾಲೆಗಳಿವೆ. ಕಂತಿಗೆ ಹೆದರಿ ಬಾಗಿಲು ಹಾಕಿಕೊಂಡವಳಿಗೆ ಬೇಕಾದದ್ದು ನಾಲ್ಕನೆಯದು, ಅದಕ್ಕೆ ಕಟ್ಟಡವೂ ಬೇಡ, ಚಂದಾವೂ ಬೇಡ.

ಹಣವಿದ್ದೂ "ನಾಳೆ ಬಾ" ಎನ್ನುವ ಸಾಲಗಾರನನ್ನು ಮೈಮೊನಿಡೀಸ್ ಬಿಡಲಿಲ್ಲ, ಪಡೆದ ಸಾಲವನ್ನು ದುಂದು ಮಾಡುವವನನ್ನೂ ಬಿಡಲಿಲ್ಲ. ಇದ್ದವರು ಕಟ್ಟಲೇಬೇಕು. ಆದರೆ ಸಂಘಗಳ ಅಕ್ಕಂದಿರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಭೆಯಲ್ಲಿ ಎರಡು ನಿರ್ಣಯ ಬರೆದುಕೊಳ್ಳಿ: ಕಂತಿನ ವಿಚಾರಕ್ಕೆ ಯಾರೂ ಯಾರ ಮನೆಗೂ ಹೋಗುವುದಿಲ್ಲ, ವಾರಕ್ಕೆ ಹತ್ತೋ ಇಪ್ಪತ್ತೋ ರೂಪಾಯಿ ಬೇರೆ ಡಬ್ಬಿಗೆ ಹಾಕಿ, ಕಾಯಿಲೆಯೋ ಮಳೆಯೋ ಬಂದು ಕೈಸೋತವಳ ಒಂದು ಕಂತನ್ನು ಅದರಿಂದ ತುಂಬುತ್ತೇವೆ. ಜಗಲಿಯಲ್ಲಿ ಟ್ಯಾಬ್ ಹಿಡಿದು ಕೂತವರು "ಹೋಗಿ ಕರೆದುಕೊಂಡು ಬನ್ನಿ" ಎಂದರೆ ಏಳಬೇಡಿ.