ಚಿರತೆಯ ಆಹಾರವೂ ನಮ್ಮ ಹೊಣೆಯೂ



2022ನೆಯ ಅಕ್ಟೋಬರ್ ಅಂತ್ಯದಿಂದ 2023ನೆಯ ಜನವರಿಯೊಳಗಾಗಿ ತಿರುಮಕೂಡಲು ನರಸೀಪುರದ ತಾಲ್ಲೂಕಿನಲ್ಲಿ ನಾಲ್ವರು ಚಿರತೆಗೆ ಬಲಿಯಾದರು. ಅವರಲ್ಲಿ ಹನ್ನೊಂದು ವರುಷದ ಬಾಲಕನೊಬ್ಬನೂ ವೃದ್ಧೆಯೊಬ್ಬಳೂ ಇದ್ದರು. ಇಂಥ ಕ್ರೂರಮೃಗವನ್ನು ದೇವರು ಯಾಕೆ ಉಂಟುಮಾಡಿದನೆಂಬ ಪ್ರಶ್ನೆಯು ಹೃದಯದಲ್ಲಿ ಏಳುವುದು ಸಹಜವೇ.

ಉತ್ತರ ಹೇಳುವುದಕ್ಕೆ ಮುಂಚೆ ಆ ಮೃಗದ ಊಟವು ಎಲ್ಲಿಂದ ಬರುತ್ತದೆಂಬುದನ್ನು ನೋಡೋಣ. ಸೂರ್ಯನ ಬೆಳಕನ್ನು ಹಿಡಿದು ಆಹಾರವನ್ನಾಗಿ ಮಾಡುವ ವರವು ಹಸುರೆಲೆಗೆ ಉಂಟೇ ಹೊರತು ನಮಗೂ ಇಲ್ಲ, ಮೃಗಗಳಿಗೂ ಇಲ್ಲ. ಎಲೆಯನ್ನು ಜಿಂಕೆಯು ತಿನ್ನುತ್ತದೆ. ಜಿಂಕೆಯನ್ನು ಚಿರತೆಯು ತಿನ್ನುತ್ತದೆ. ಆದರೆ ಹೀಗೆ ಒಂದು ಬಾಯಿಂದ ಮತ್ತೊಂದಕ್ಕೆ ಹೋಗುವಾಗ ಆ ಶಕ್ತಿಯ ಬಹುಪಾಲು ಓಟದಲ್ಲಿಯೂ ಉಸಿರಿನಲ್ಲಿಯೂ ಮೈಯ ಬಿಸಿಯಲ್ಲಿಯೂ ವೆಚ್ಚವಾಗಿ, ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಮುಂದಕ್ಕೆ ಸಾಗುತ್ತದೆ. ಈ ಬಗೆಯ ಲೆಕ್ಕಕ್ಕೆ 1942ರಲ್ಲಿ ಅಮೆರಿಕದ ಲಿಂಡೆಮನ್ ಎಂಬ ಪಂಡಿತನು ದಾರಿ ತೋರಿಸಿದನು. ಹುಲ್ಲಿನಲ್ಲಿ ಸಾವಿರ ಪಾಲಿದ್ದರೆ ಜಿಂಕೆಗೆ ನೂರು, ಚಿರತೆಗೆ ಹತ್ತು. ಆದಕಾರಣ ಚಿರತೆಗಳು ಕೆಲವೇ ಆಗಿದ್ದು ಬಹುದೂರ ಅಲೆಯುವುದು ಸೃಷ್ಟಿಯ ಕ್ರಮವಾಗಿದೆ.

ಆದರೆ ನಂಜನಗೂಡಿನಿಂದ, ಕಪಿಲೆಯು ಕಾವೇರಿಯನ್ನು ಕೂಡುವ ನರಸೀಪುರದ ತನಕ, ನಾಲೆಯ ನೀರು ಕಂಡ ಹೊಲಗಳಲ್ಲಿ ಕಬ್ಬು ಆಳೆತ್ತರ ಬೆಳೆಯುತ್ತದೆ. ಮೃಗಕ್ಕೆ ಅದೇ ಕಾಡು. ಊರಂಚಿನಲ್ಲಿ ನಾವು ಎಂಜಲನ್ನೂ ಕೋಳಿಯ ಕರುಳನ್ನೂ ಸುರಿದರೆ ನಾಯಿಗಳು ಹೆಚ್ಚುತ್ತವೆ. ಚಿರತೆಗೆ ನಾಯಿಯಷ್ಟು ಸುಲಭವಾದ ಬೇಟೆ ಬೇರೆಯಿಲ್ಲ. ಹೀಗೆ ನಮ್ಮ ಗದ್ದೆಯ ಅನ್ನವೇ ನಾಯಿಯಾಗಿ, ಚಿರತೆಯಾಗಿ ನಮ್ಮ ಬಾಗಿಲಿಗೆ ಹಿಂದಿರುಗುತ್ತದೆ. ಒಂದನ್ನು ಬೋನಿನಲ್ಲಿ ಹಿಡಿದು ಸಾಗಿಸಿದರೂ, ಊಟವಿರುವ ತನಕ ಆ ಸ್ಥಳಕ್ಕೆ ಮತ್ತೊಂದು ಬರುವುದುಂಟು.

104ನೆಯ ಕೀರ್ತನೆಯು ಸಿಂಹದ ಮರಿಗಳ ಆಹಾರವನ್ನೂ ದೇವರ ಲೆಕ್ಕದಲ್ಲಿಯೇ ಸೇರಿಸಿದೆ. ಹೀಗಿರಲಾಗಿ ಚಿರತೆಯ ಮೇಲೆ ಪಾಪವನ್ನು ಹೊರಿಸಲಾರೆವು. ಆದರೆ ವಿಮೋಚನಕಾಂಡದ 21ನೆಯ ಅಧ್ಯಾಯದಲ್ಲಿ ಹಾಯುವ ಎತ್ತಿನ ವಿಷಯವಾಗಿ ಒಂದು ವಿಧಿಯುಂಟು: ಹಾಯುವುದೆಂದು ತಿಳಿದೂ ಅದನ್ನು ಕಟ್ಟದೆ ಬಿಟ್ಟ ಯಜಮಾನನು ದಂಡನೆಗೆ ಗುರಿಯಾಗುತ್ತಾನೆ. ಚಿರತೆಗೆ ಯಜಮಾನನಿಲ್ಲ, ನಿಜ. ತಿಳಿದೂ ಸುಮ್ಮನಿದ್ದವರು ಇಲ್ಲವೇ? ಸೌದೆಗೆ ಹೋಗುವ ಮುದುಕಿಯ ಮೇಲಾಗಲಿ ಕಬ್ಬು ಕಡಿಯುವ ಕೂಲಿಯವನ ಮೇಲಾಗಲಿ ಈ ಹೊಣೆಯನ್ನು ಹೊರಿಸುವುದು ಅನ್ಯಾಯ. ರಸ್ತೆಯ ಮಗ್ಗುಲಲ್ಲಿ ಮೂಟೆಗಟ್ಟಲೆ ಕರುಳು ಸುರಿಯುವ ಅಂಗಡಿಯವನದು ದೊಡ್ಡ ಪಾಲು. ಅವನಲ್ಲಿ ಮಾಂಸವನ್ನು ಕೊಂಡು, ಮಿಕ್ಕದ್ದು ಎಲ್ಲಿ ಹೋಯಿತೆಂದು ಕೇಳದ ನಮ್ಮದೂ ಸಣ್ಣದಲ್ಲ.

ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ಹತ್ತರಲ್ಲೊಂದು ಪಾಲಿನ ಮಾತನ್ನಾಡುವುದು ಕಠಿಣಹೃದಯವೇ ಸರಿ. ಅವಳ ಬಳಿಯಲ್ಲಿ ಮೌನವಾಗಿ ಕೂತಿರುವುದೇ ಲೇಸು. ಕಬ್ಬಿನ ಅಂಚಿನಲ್ಲಿ ಮನೆಯಿರುವವರ ಮಕ್ಕಳನ್ನು ಕತ್ತಲಾಗುವ ಮುಂಚೆ ಯಾರು ಕರೆತರಬೇಕು, ಒಂಟಿ ಮುದುಕಿಯರಿಗೆ ಸೌದೆಯನ್ನು ಯಾರು ತಂದುಕೊಡಬೇಕು ಎಂಬುದನ್ನು ಸಭೆಯವರು ಬರುವ ಭಾನುವಾರ ಆರಾಧನೆ ಮುಗಿದ ಬಳಿಕ ಕೂತು ಗೊತ್ತುಮಾಡಿಕೊಳ್ಳಲಿ.